ಕ್ಷಯವಲ್ಲವೆಂಬ ಕಾಗದ

ಕೈಚೀಲದಲ್ಲಿಟ್ಟರೆ ಬಸ್ಸಿನಲ್ಲಿ ಯಾರಾದರೂ ಹಾರಿಸಿಬಿಟ್ಟಾರು ಎಂದು ಮೆಲ್ಚೋರಾ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸ್ವೆಟರಿನೊಳಗೆ ಎದೆಗೆ ತಾಗುವ ಹಾಗೆ ಸಿಕ್ಕಿಸಿಕೊಂಡಿದ್ದಳು. ಲಿಮಾದ ಜುಲೈ ತಿಂಗಳ ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ, ಕಾಣಬೇಕೆಂಬ ಆಸೆಯೂ ಅವಳಿಗಿರಲಿಲ್ಲ. ಅವಳ ಕಣ್ಣ ಮುಂದಿದ್ದದ್ದು ತೆಯೋಫಿಲಾಳ ದುಂಡು ಮುಖ ಒಂದೇ. ಆ ಮುಖ ಹೇಗೆ ಬಿಳಿಚಿಕೊಳ್ಳುತ್ತದೆ, ಆ ಬಾಯಿ ಹೇಗೆ ಒಣಗುತ್ತದೆ, ಆ ಕೈ ಏಪ್ರನ್ನಿನ ಅಂಚನ್ನು ಹೇಗೆ ಹಿಂಡುತ್ತದೆ, ಎಲ್ಲವನ್ನೂ ಅವಳು ಒಂದೊಂದು ಸ್ಟಾಪಿಗೂ ಇನ್ನಷ್ಟು ತಿದ್ದಿ ತೀಡಿ ನೋಡಿಕೊಳ್ಳುತ್ತಿದ್ದಳು. ಮೊದಲು ತಾನು ಏನೂ ಹೇಳಬಾರದು. ಕಾಗದ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಓದು ಅನ್ನಬೇಕು. ತೆಯೋಫಿಲಾಳಿಗೆ ಓದು ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಒಳ್ಳೆಯದೇ ಆಯಿತು, ನಿಧಾನವಾಗಿ ಓದಲಿ, ಒಂದೊಂದು ಅಕ್ಷರವೂ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳಲಿ. ಇವತ್ತು ಸೋಮವಾರ ಬೇರೆ. ಸೋಮವಾರ ಅಂದರೆ ಊರಿಗೆ ಊರೇ ಮಸೂರ ಬೇಯಿಸುವ ದಿನ, ತೆಯೋಫಿಲಾಳ ಯಜಮಾನಿಕೆಯಲ್ಲಿ ಗುಡ್ಡದ ಹೆಂಗಸರು ಎಲ್ಲರಿಗಾಗಿ ನಡೆಸುವ ಅಡುಗೆಮನೆಯ ಮುಂದೆ ಪಾತ್ರೆ ಹಿಡಿದವರ ಸಾಲು ಮೆಟ್ಟಿಲ ತಿರುವಿನ ತನಕ ಬೆಳೆದಿರುತ್ತದೆ. ಇಷ್ಟು ಜನ ಮತ್ತೆ ಯಾವ ದಿನ ಸಿಗುತ್ತಾರೆ?

ಎದೆಯೊಳಗೆ ಕೆಮ್ಮು ಏಳತೊಡಗಿತು. ಮೆಲ್ಚೋರಾ ಅಭ್ಯಾಸದಂತೆ ಗಂಟಲು ಬಿಗಿದು, ಮೂಗಿನಿಂದ ಸಣ್ಣಗೆ ಉಸಿರೆಳೆದು, ಅದನ್ನು ಕೆಳಗೆ ತಳ್ಳಿದಳು. ಪಕ್ಕದಲ್ಲಿ ಕೂತಿದ್ದ ಗಂಡಸಿಗೆ ಗೊತ್ತೇ ಆಗಲಿಲ್ಲ. ಆಮೇಲೆ ನೆನಪಾಯಿತು, ಹೀಗೆ ಮಾಡಬೇಡಿ ಅಂತಲೇ ಅಲ್ಲವೇ ಡಾಕ್ಟರು ಬೆಳಿಗ್ಗೆ ಹೇಳಿದ್ದು. ಡಾಕ್ಟರ್ ಪಲೊಮಿನೋ ಅವಳ ಮಗಳ ವಯಸ್ಸಿನವಳು, ಮಾತಿನ ನಡುವೆ ಪೆನ್ನಿನ ತುದಿ ಕಚ್ಚುವವಳು. ಕಾಗದವನ್ನು ಮೇಜಿನ ಮೇಲೆ ತಿರುಗಿಸಿಟ್ಟು, "ಅಮ್ಮ, ನಿಮಗೆ ಕ್ಷಯ ಇಲ್ಲ. ಇದ್ದಿದ್ದೂ ಅನುಮಾನ," ಎಂದಿದ್ದಳು. ಇದು ಕ್ಷಯದ ದಾಯಾದಿ ಇದ್ದ ಹಾಗೆ, ನೀರಿನಲ್ಲಿ ಮಣ್ಣಿನಲ್ಲಿ ಬದುಕುವ ಹುಳ, ಒಬ್ಬರಿಂದ ಒಬ್ಬರಿಗೆ ಅಂಟಿಕೊಳ್ಳುವಂಥದ್ದಲ್ಲ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ ಥರ ಕೆಂಪು ಕಡ್ಡಿಗಳ ಹಾಗೆ ಕಾಣುತ್ತವೆ. ಕಫವನ್ನು ವಾರಗಟ್ಟಲೆ ಬೆಳೆಸಿ ನೋಡಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ. ಗುಡ್ಡದಲ್ಲಿ ಮೂರು ಮನೆಗೊಬ್ಬರಿಗೆ ಕ್ಷಯ ಬಂದು ಹೋಗಿದೆ. ಅಲ್ಲಿ ಕೆಂಪು ಕಡ್ಡಿ ಕಂಡಿತೆಂದರೆ ಮುಗಿಯಿತು, ಬೇರೇನಾದರೂ ಇರಬಹುದೇ ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಮೊದಲು ಆರು ತಿಂಗಳು ಮಾತ್ರೆ ಕೊಟ್ಟರು. ಕಡ್ಡಿ ಹೋಗಲಿಲ್ಲ. ಹಾಗಾದರೆ ಇದು ಮೊಂಡು ಕ್ಷಯ ಎಂದು ಸೂಜಿ ಶುರು ಮಾಡಿದರು. ಸೂಜಿಗೆ ಕಡ್ಡಿ ಜಗ್ಗಲಿಲ್ಲ, ಮೆಲ್ಚೋರಾಳ ಎಡಗಿವಿ ಹೋಯಿತು. ಈಗ ಆ ಕಿವಿಯಲ್ಲಿ ಹಗಲೂ ಇರುಳೂ ಕುಕ್ಕರ್ ಕೂಗುವುದಕ್ಕೆ ಮುಂಚಿನ ಸದ್ದೊಂದು ಕೂತಿದೆ.

ಡಾಕ್ಟರು ಬಿಡದೆ ಪ್ರಶ್ನೆ ಕೇಳುತ್ತಾ ಹೋದಳು, ಮೆಲ್ಚೋರಾ ಮನಸ್ಸಿನಲ್ಲೇ ಒಂದೊಂದು ಪ್ರಶ್ನೆಯ ಎದುರಿಗೂ ತೆಯೋಫಿಲಾಳ ಹೆಸರು ಬರೆದುಕೊಳ್ಳುತ್ತಾ ಹೋದಳು. ಮೊದಲಿನಿಂದಲೂ ಇಷ್ಟು ತೆಳ್ಳಗೇ ಇದ್ದೀರಾ? ಇರದೆ ಏನು, ಬಡಿಸುವವರು ಕೊನೆಗೆ ಉಣ್ಣಬೇಕು ಎಂದು ಕಟ್ಟಳೆ ಮಾಡಿದವಳು ಯಾರು, ತಳದಲ್ಲಿ ಉಳಿದ ಗಸಿ ತಿಂದು ಯಾರಿಗೆ ಮೈ ಹತ್ತುತ್ತದೆ? ಮಣ್ಣಿನ ಕೆಲಸ ಮಾಡುತ್ತಿದ್ದಿರಾ? ಈ ಬೋಳು ಮರಳುಗುಡ್ಡದ ಮೇಲೆ ಸೊಪ್ಪು ಬೆಳೆಯುತ್ತೇನೆಂದು ಕಪ್ಪು ಮಣ್ಣಿನ ಮೂಟೆ ತರಿಸಿದವಳು ತೆಯೋಫಿಲಾ. ಮುಖಕ್ಕೆ ಬಟ್ಟೆಯೂ ಇಲ್ಲದೆ ಎರಡು ಬೇಸಿಗೆ ಅದನ್ನು ಗೊಬ್ಬರದ ಜೊತೆ ಜರಡಿ ಹಿಡಿದವಳು ತಾನು. ನೀರು ಎಲ್ಲಿಯದು? ಲಾರಿಯದು, ಡ್ರಮ್ಮಿನದು. ಡ್ರಮ್ಮಿನೊಳಗೆ ತಲೆ ಹಾಕಿ ಪಾಚಿ ಉಜ್ಜಲು ಉದ್ದ ಕೈಯವಳೇ ಆಗಬೇಕೆಂದು ಹೇಳಿದ್ದು ಮತ್ತಾರು? ಬೆನ್ನು ಮೊದಲಿಂದಲೂ ಹೀಗೆ ಡೊಂಕೇ ಎಂದು ಕೇಳಿದಾಗ ಹೌದು, ಹುಟ್ಟಿನಿಂದ ಎನ್ನಬೇಕಾಯಿತು. ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದಿತ್ತೇ ಎಂದಾಗಲೂ ಅಷ್ಟೇ. ಅದು ತಾನು ಹುಟ್ಟಿದ ದೂರದ ಬೆಟ್ಟದ ಊರಿನಲ್ಲಿ, ತೆಯೋಫಿಲಾಳ ಮುಖ ನೋಡುವುದಕ್ಕೆ ಮೂವತ್ತು ವರ್ಷ ಮುಂಚೆ. ಈ ಎರಡಕ್ಕೂ ಅವಳನ್ನು ತಗಲುಹಾಕಲಾಗದೆ ಮೆಲ್ಚೋರಾಳಿಗೆ ನಿಜವಾಗಿ ಬೇಸರವಾಯಿತು. ಕೊನೆಗೆ ಡಾಕ್ಟರು, ಕೆಮ್ಮು ಬಂದಾಗ ತಡೆದುಕೊಳ್ಳುವ ಅಭ್ಯಾಸ ಇದೆಯೇ ಎಂದು ಕೇಳಿದಳು. ಕಫ ಹೊರಗೆ ಬರದೆ ಒಳಗೇ ನಿಂತರೆ ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಯಾರು ಕಾರಣ ಡಾಕ್ಟರೇ, ಇಷ್ಟಕ್ಕೆಲ್ಲ ಯಾರು ಕಾರಣ ಎಂದು ಮೆಲ್ಚೋರಾ ಕೇಳಿದಳು. ಡಾಕ್ಟರು ಪೆನ್ನು ಬಾಯಿಂದ ತೆಗೆದು, ಯಾರೂ ಅಲ್ಲ, ನೀರು ಎಲ್ಲರೂ ಕುಡಿಯುತ್ತಾರೆ, ಮಣ್ಣು ಎಲ್ಲರೂ ಮುಟ್ಟುತ್ತಾರೆ, ಸಣ್ಣ ಸಣ್ಣವು ಹತ್ತಾರು ಸೇರಿ ಒಬ್ಬರಿಗೆ ಹೀಗಾಗುತ್ತದೆ ಎಂದಳು. ಓದಿದವರ ಮಾತೇ ಹೀಗೆ. ಎರಡು ವರ್ಷ ಒಬ್ಬಳನ್ನು ಬೀದಿಯಲ್ಲಿ ನಿಲ್ಲಿಸಿ, ಯಾರೂ ಅಲ್ಲ ಅಂದರೆ ಆಯಿತೇ?

ಕೆಮ್ಮನ್ನು ಅವಳು ನುಂಗತೊಡಗಿ ಆರೇಳು ವರ್ಷವಾಗಿರಬೇಕು. ಗುಡ್ಡದಲ್ಲಿ ಒಬ್ಬರು ಎರಡು ಸಲ ಕೆಮ್ಮಿದರೆ ಸುತ್ತಲಿನ ತಲೆಗಳೆಲ್ಲ ತಿರುಗುತ್ತವೆ, ಮೂರನೆಯ ಸಲಕ್ಕೆ ಪಕ್ಕದಲ್ಲಿದ್ದವರು ಏನೋ ನೆನಪಾದವರ ಹಾಗೆ ಎದ್ದುಹೋಗುತ್ತಾರೆ. ದಪ್ಪಗಿದ್ದವರು ಮೆಣಸಿನಕಾಯಿ ಘಾಟಿಗೆ ಗಂಟಲು ಹರಿಯುವ ಹಾಗೆ ಕೆಮ್ಮಿ ನಕ್ಕುಬಿಡಬಹುದು. ಕಡ್ಡಿಯಂಥವಳಿಗೆ ಆ ಭಾಗ್ಯವಿಲ್ಲ. ಮೆಲ್ಚೋರಾ ಗ್ಯಾಸ್ ಸಿಲಿಂಡರಿನ ಹಿಂದೆ ಹೋಗಿ ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿ ನಿಲ್ಲುತ್ತಿದ್ದಳು. ಅಲ್ಲೇ ಒಂದು ದಿನ ತೆಯೋಫಿಲಾ ಹಿಂದಿನಿಂದ ಬಂದಳು, ಏಪ್ರನ್ನಿನ ಮೇಲಿದ್ದ ಕೆಂಪು ಕಲೆಯನ್ನು ನೋಡಿದಳು. ಮೆಲ್ಚೋರಾಳ ಮಗಳು ನೆರಿಡಾಳ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ಅವಳು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಅಂದರೆ ಅಕ್ಕತಂಗಿಯರಿಗಿಂತ ಒಂದು ಕೈ ಹೆಚ್ಚು. ಆ ಕೊಮಾದ್ರೆ ಅವತ್ತು ಅವಳ ಕೈಯಿಂದ ಸೌಟನ್ನು ತೆಗೆದುಕೊಂಡಳು, ತೆಗೆದುಕೊಂಡವಳೇ ಕುದಿಯುವ ನೀರಿನಲ್ಲಿ ಅದ್ದಿದಳು. ಎಲ್ಲರೂ ನೋಡುತ್ತಿದ್ದರು. ಮಾರನೆಯ ವಾರದಿಂದ ಮೆಲ್ಚೋರಾ ಒಳಗಿಲ್ಲ, ಗಲ್ಲಿಯ ಕಡೆಗೆ ತೆರೆಯುವ ಪಕ್ಕದ ಕಿಟಕಿಯ ಹೊರಗೆ. ತಾನೇ ಇಟ್ಟಿಗೆ ಹೊತ್ತು ಕಟ್ಟಿದ ಅಡುಗೆಮನೆಯ ಹೊರಗೆ. ಅಷ್ಟಕ್ಕೇ ನಿಂತಿದ್ದರೆ ಹೋಗಲಿ ಅನ್ನಬಹುದಿತ್ತು. ನೆರಿಡಾ ಹೆತ್ತಾಗ ತೆಯೋಫಿಲಾ ಬಸ್ಸು ಹತ್ತಿ ಬೀಗರ ಮನೆಗೆ ಹೋಗಿ, ಅಜ್ಜಿಯ ಕೈಗೆ ಕೂಸನ್ನು ಕೊಡಬೇಡಿ ಎಂದು ಹೇಳಿ ಬಂದಳು. ಮೊಮ್ಮಗನನ್ನು ಮೆಲ್ಚೋರಾ ನೋಡಿದ್ದು ಆಟೋದ ಪ್ಲಾಸ್ಟಿಕ್ ಪರದೆಯ ಆಚೆಯಿಂದ, ಎರಡು ಸಲ. ಅದು ಎತ್ತಿಕೊಳ್ಳುವ ವಯಸ್ಸು ದಾಟಿ ಈಗ ಓಡುತ್ತದಂತೆ.

ಬಸ್ಸಿಳಿದು ಮೆಟ್ಟಿಲು ಹತ್ತುವಾಗ ಉಸಿರು ಸಿಗದೆ ಅವಳು ನಡುನಡುವೆ ನಿಂತಳು. ಹಳದಿ ಬಣ್ಣ ಬಳಿದ ಆ ಮೆಟ್ಟಿಲುಗಳ ಪಕ್ಕದಲ್ಲೇ ಅಬಿಲಿಯೋನ ಚಪ್ಪಲಿ ಹೊಲಿಯುವ ಗೂಡು ಇತ್ತು, ಈಗ ಅಲ್ಲಿ ಯಾರೋ ಕೋಳಿ ಸಾಕಿದ್ದಾರೆ. ಪಕ್ಕದ ಕಿಟಕಿ ಮೊದಲು ಶುರುವಾದದ್ದು ಅವನಿಗಾಗಿ. ಆಗ ಮೆಲ್ಚೋರಾ ಅಡುಗೆಮನೆಯ ಕಾರ್ಯದರ್ಶಿ. ಬರವಣಿಗೆ ಮುತ್ತು ಪೋಣಿಸಿದ ಹಾಗೆ ಎಂದು ಎಲ್ಲರೂ ಹೇಳುತ್ತಿದ್ದರು. ಕಾಯಿಲೆಯವರು ಪಾತ್ರೆಯನ್ನು ಕಿಟಕಿಯ ಹಲಗೆಯ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ನಿಲ್ಲತಕ್ಕದ್ದು, ಸೌಟು ಪಾತ್ರೆಗೆ ತಾಗತಕ್ಕದ್ದಲ್ಲ. ಸಭೆ ತೀರ್ಮಾನಿಸಿತು, ಅವಳು ಬರೆದಳು, ಅಷ್ಟೇ. ಅಬಿಲಿಯೋ ಆ ಚಳಿಗಾಲ ದಾಟಲಿಲ್ಲ. ಪಾಪ, ಆದರೆ ಅವನ ಮಾತು ಬೇರೆ, ಅವನಿಗೆ ನಿಜವಾಗಿಯೂ ಇತ್ತು. ಅವಳು ಸ್ವೆಟರಿನ ಮೇಲಿಂದ ಕಾಗದವನ್ನು ಒತ್ತಿ ನೋಡಿಕೊಂಡಳು. ತನಗೆ ಇರಲಿಲ್ಲ. ಇಲ್ಲದವಳನ್ನು ಇದ್ದವರ ಜೊತೆ ನಿಲ್ಲಿಸಿದರು, ಅದೇ ಅನ್ಯಾಯ, ಅದಕ್ಕೇ ಇವತ್ತು ತೆಯೋಫಿಲಾ ಎಲ್ಲರ ಮುಂದೆ ಬಾಯಿಬಿಟ್ಟು ತಪ್ಪಾಯಿತು ಅನ್ನಬೇಕು. ಆ ಒಂದು ಮಾತು ಸಿಗದಿದ್ದರೆ ಈ ಕಾಗದ ಒಲೆಗೆ ಹಾಕಲಿಕ್ಕೂ ಲಾಯಕ್ಕಿಲ್ಲ.

ಗಲ್ಲಿಯಲ್ಲಿ ರುಫಿನಾ ಆಗಲೇ ಬಂದು ತನ್ನ ಅಲ್ಯೂಮಿನಿಯಂ ಪಾತ್ರೆಯನ್ನು ಮಗುಚಿ ಅದರ ಮೇಲೆ ಕೂತಿದ್ದಳು. ಬಸ್ ಸ್ಟಾಪುಗಳಲ್ಲಿ ಬೇಯಿಸಿದ ಹಕ್ಕಿಮೊಟ್ಟೆ ಮಾರುವವಳು, ಐದು ತಿಂಗಳಿಂದ ಕ್ಷಯದ ಮಾತ್ರೆ ನುಂಗುತ್ತಿರುವವಳು. ಅಂಟುವ ಕಾಲ ಮುಗಿಯಿತು, ಇನ್ನು ಹೆದರಬೇಕಾಗಿಲ್ಲ ಎಂದು ನರ್ಸು ಹೇಳಿ ನಾಲ್ಕು ತಿಂಗಳಾಗಿತ್ತು, ಆದರೆ ನರ್ಸಿನ ಮಾತು ಕಿಟಕಿಯ ತನಕ ಬಂದಿರಲಿಲ್ಲ. ಮೆಲ್ಚೋರಾಳಿಗೆ ಉದ್ದಕ್ಕ ಎಂದು ಹೆಸರಿಟ್ಟವಳು ಅವಳೇ. ಗಲ್ಲಿಯಲ್ಲಿ ಕಾಯುವ ಅರ್ಧ ಗಂಟೆಯಲ್ಲಿ ಅವಳು ತೆಯೋಫಿಲಾಳ ನಡಿಗೆಯನ್ನು ನಟಿಸಿ ತೋರಿಸುತ್ತಿದ್ದಳು, ಸಾರಿನಲ್ಲಿ ಕೋಳಿ ಈಜಿಕೊಂಡು ದಡ ಸೇರಿತೆಂದು ಹೇಳುತ್ತಿದ್ದಳು. ಈ ಐದು ತಿಂಗಳಲ್ಲಿ ಮೆಲ್ಚೋರಾ ನಕ್ಕಿದ್ದರೆ ಅದು ಅವಳ ಪಕ್ಕದಲ್ಲಿ ನಿಂತಾಗಲೇ. ಸೂಜಿಯ ದಿನ ಕಾಲು ನಡುಗಿದರೆ ಅವಳೇ ತೋಳು ಹಿಡಿದು ಮೆಟ್ಟಿಲು ಇಳಿಸುತ್ತಿದ್ದಳು. "ಪಾತ್ರೆ ಎಲ್ಲೇ ಉದ್ದಕ್ಕ? ಇವತ್ತು ಉಪವಾಸಾನಾ?" ಎಂದು ರುಫಿನಾ ಕೇಳಿದಳು. ಮೆಲ್ಚೋರಾಳಿಗೆ ಕಾಗದದ ವಿಷಯ ಹೇಳಬೇಕೆನ್ನಿಸಿತು. ಆಮೇಲೆ ಹೇಳುತ್ತೇನೆ ಎಂದವಳೇ ಗಲ್ಲಿ ದಾಟಿ, ಎರಡು ವರ್ಷದಲ್ಲಿ ಮೊದಲ ಸಲ ಮುಂಬಾಗಿಲಿನ ಕಡೆ ನಡೆದಳು.

ಸಾಲಿನವರು ಅವಳನ್ನು ಕಂಡು ತಾವಾಗಿಯೇ ದಾರಿ ಬಿಟ್ಟರು. ಗೌರವಕ್ಕಲ್ಲ, ಮೈ ತಾಗೀತೆಂದು. ಬಿಡಲಿ. ಒಳಗೆ ಎರಡು ದೊಡ್ಡ ಹಂಡೆಗಳ ಹಬೆಯ ನಡುವೆ ತೆಯೋಫಿಲಾ ನಿಂತಿದ್ದಳು, ಬೆವರಿದ ಹಣೆ, ಮೊಣಕೈವರೆಗೆ ಮಡಿಸಿದ ತೋಳು. ಮೆಲ್ಚೋರಾ ಹೊಸ್ತಿಲಲ್ಲೇ ನಿಂತು ಕಾಗದ ಚಾಚಿದಳು. ಎಲ್ಲರಿಗೂ ಕೇಳುವ ಹಾಗೆ ಓದು ಎಂದು ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು ಈಗ ಗಂಟಲಿನಿಂದ ತೀರಾ ಸಣ್ಣಗೆ ಬಂತು. ತೆಯೋಫಿಲಾ ಕೈ ಒರೆಸಿಕೊಂಡು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಓದಿದಳು. ನಿಧಾನವಾಗಿಯೇ ಓದಿದಳು, ಎಲ್ಲರಿಗೂ ಕೇಳುವ ಹಾಗೆಯೇ ಓದಿದಳು. ಕ್ಷಯವಲ್ಲ. ಇತರರಿಗೆ ಹರಡುವುದಿಲ್ಲ. ಸಾಲಿನಲ್ಲಿ ಗುಜುಗುಜು ಹುಟ್ಟಿತು. ಮೆಲ್ಚೋರಾ ಆ ಮುಖವನ್ನೇ ನುಂಗುವ ಹಾಗೆ ನೋಡುತ್ತಿದ್ದಳು, ಈಗ ಬಿಳಿಚುತ್ತದೆ, ಈಗ ಒಣಗುತ್ತದೆ. ಬಿಳಿಚಲಿಲ್ಲ. ಆ ಮುಖ ಅರಳಿತು.

"ದೇವರು ದೊಡ್ಡವನು ಕೊಮಾದ್ರೆ," ಎಂದಳು ತೆಯೋಫಿಲಾ. "ಏಪ್ರನ್ ಮೊಳೆಗೇ ತೂಗುಹಾಕಿದೆ, ತಗೊಂಡು ಬಾ. ಇವತ್ತು ಕೈ ಸಾಲದು ನಂಗೆ."

ಇಷ್ಟೇನಾ? ಎರಡು ವರ್ಷ, ಒಂದು ಕಿವಿ, ಎತ್ತಿಕೊಳ್ಳದೆ ಹೋದ ಒಂದು ಕೂಸು, ಅದಕ್ಕೆ ಮೊಳೆಗೆ ತೂಗುಹಾಕಿದ ಏಪ್ರನ್. ಸಾಲಿನಲ್ಲಿ ಯಾರೋ ಚಪ್ಪಾಳೆ ಬೇರೆ ತಟ್ಟಿದರು. ಮೆಲ್ಚೋರಾಳ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ಬೈಯಬಹುದಿತ್ತು, ಸುಳ್ಳು ಕಾಗದ ಅಂದಿದ್ದರೆ ಜುಟ್ಟು ಹಿಡಿಯಬಹುದಿತ್ತು. ಹೀಗೆ ಸಂತೋಷಪಟ್ಟವಳನ್ನು ಎಲ್ಲಿ ಹಿಡಿಯುವುದು?

"ತಪ್ಪಾಯ್ತು ಅನ್ನು," ಎಂದಳು.

"ಏನು?"

"ಎಲ್ಲರ ಮುಂದೆ ನನ್ನ ಹೊರಗೆ ಹಾಕ್ದೆ. ಎಲ್ಲರ ಮುಂದೆ ತಪ್ಪಾಯ್ತು ಅನ್ನು."

ತೆಯೋಫಿಲಾ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿದಳು. ಅವಳ ಮುಖದ ನಗು ಪೂರ್ತಿ ಹೋಗಲಿಲ್ಲ, ಆದರೆ ಕಣ್ಣಿನಿಂದ ಇಳಿಯಿತು. ಬೀಗರ ಮನೆಗೆ ಹೋದದ್ದು ತಪ್ಪೇ, ಒಪ್ಪುತ್ತೇನೆ, ಕೂಸಿನ ಮೇಲಿನ ಹೆದರಿಕೆಗೆ ಹೋದೆ, ನೆರಿಡಾಳಿಗೆ ನಾನೇ ಹೋಗಿ ಹೇಳುತ್ತೇನೆ ಎಂದಳು. ಆಮೇಲೆ ಧ್ವನಿ ತಗ್ಗಿಸಿ, ಮೆಲ್ಚೋರಾಳ ಬಲಗಿವಿಯ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು.

"ಕಿಟಕಿ ಮಾತು ಮಾತ್ರ ನನ್ನ ಹತ್ರ ಆಡ್ಬೇಡ. ಅಬಿಲಿಯೋ ಒಳಗೇ ಉಣ್ಲಿ, ಮೂಲೇಲಿ ಒಂದು ಸ್ಟೂಲ್ ಹಾಕೋಣ ಅಂದೋಳು ನಾನು. ಮೂರು ಹೆಜ್ಜೆ ಅಂತ ಅಳತೆ ಕೊಟ್ಟೋಳು ನೀನು. ಸಭೆ ಪುಸ್ತಕ ತೆಗೆಸ್ಲಾ?"

ಪುಸ್ತಕ ತೆಗೆಸುವ ಅಗತ್ಯವೇ ಇರಲಿಲ್ಲ. ಮೆಲ್ಚೋರಾಳಿಗೆ ಎಲ್ಲವೂ ನೆನಪಿತ್ತು, ಯಾವತ್ತೂ ಮರೆತಿರಲಿಲ್ಲ. ಆ ಮಧ್ಯಾಹ್ನದ ಸಭೆ, ತಾನು ಎದ್ದು ನಿಂತು ನೆಲದ ಮೇಲೆ ಹೆಜ್ಜೆ ಹಾಕಿ ಒಂದು ಎರಡು ಮೂರು ಎಂದು ತೋರಿಸಿದ್ದು, ಬಾಗಿಲ ಹೊರಗೆ ಅಬಿಲಿಯೋ ಟೋಪಿ ಕೈಯಲ್ಲಿ ಹಿಡಿದು ತೀರ್ಪಿಗೆ ಕಾಯುತ್ತಿದ್ದದ್ದು. ಆಗಲೇ ತನ್ನ ಎದೆಯಲ್ಲಿ ಆ ಸಣ್ಣ ಕೆಮ್ಮು ಶುರುವಾಗಿತ್ತು. ಅವನ ಪಕ್ಕದಲ್ಲಿ ಯಾರಾದರೂ ತನ್ನನ್ನೂ ನಿಲ್ಲಿಸಿಯಾರು ಎಂಬ ಹೆದರಿಕೆಗೇ ಅಲ್ಲವೇ ಅಷ್ಟು ಗಟ್ಟಿಯಾಗಿ ಅಳತೆ ಕೊಟ್ಟದ್ದು? ಆ ಅಳತೆಯ ಮಾತನ್ನು ಇವಳು ಇಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದಳಲ್ಲ, ಈ ದುಂಡು ಮುಖದವಳು. ತಾನು ಹೊರಗೆ ನಿಂತಾಗಲೂ ಎತ್ತಿ ಆಡಲಿಲ್ಲವಲ್ಲ. ಆ ಉಪಕಾರ ಮೆಲ್ಚೋರಾಳಿಗೆ ಬೆಂಕಿಯ ಹಾಗೆ ತಾಗಿತು. ತೆಯೋಫಿಲಾಳ ಮೇಲೆ ಅವಳಿಗೆ ಅದುವರೆಗೂ ಇದ್ದದ್ದು ಸಿಟ್ಟು. ಈಗ ಹುಟ್ಟಿದ್ದು ದ್ವೇಷ. ಅವಳು ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಂಡಳು. ದಾರ ಸೊಂಟವನ್ನು ಎರಡು ಸುತ್ತು ಬಂತು.

ಮುಂಬಾಗಿಲಿನ ಸಾಲಿಗೆ ಬಡಿಸಲು ತೆಯೋಫಿಲಾ ನಿಂತಳು. ಪಕ್ಕದ ಕಿಟಕಿ ಮೆಲ್ಚೋರಾಳ ಪಾಲಿಗೆ ಬಂತು. ಬೇಕೆಂದೇ ಕೊಟ್ಟಳೋ, ಕೈ ಸಾಲದೆ ಕೊಟ್ಟಳೋ, ಕೇಳುವಂತಿರಲಿಲ್ಲ. ಅಗುಳಿ ತೆಗೆದು ಕಿಟಕಿಯ ಕದವನ್ನು ಹೊರಕ್ಕೆ ತಳ್ಳಿದಾಗ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಗಲ್ಲಿ ಒಳಗಿನಿಂದ ಇಷ್ಟು ಕಿರಿದಾಗಿ ಕಾಣುತ್ತದೆಂದು ಅವಳು ಮರೆತಿದ್ದಳು. ಮುಂಬಾಗಿಲಲ್ಲಿ ಓದಿದ ಕಾಗದದ ಸುದ್ದಿ ಅಲ್ಲಿಗೆ ಆಗಲೇ ಮುಟ್ಟಿತ್ತು. ರುಫಿನಾ ಪಾತ್ರೆಯನ್ನು ಹಲಗೆಯ ಮೇಲಿಟ್ಟಳು. ಹಿಂದೆ ಸರಿಯಲಿಲ್ಲ. ಒಳಗಿರುವವಳು ತನ್ನ ಉದ್ದಕ್ಕ ತಾನೇ ಎಂಬ ಧೈರ್ಯದಲ್ಲಿ ಕಿಟಕಿಯೊಳಕ್ಕೆ ಅರ್ಧ ಮೈ ತೂರಿಸಿ, ಸೌಟು ಹಿಡಿದ ಮೊಣಕೈಯನ್ನು ಹಿಡಿದುಕೊಂಡಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಗೆದ್ದೆ ಬಿಡೇ ಉದ್ದಕ್ಕ. ಈಗ ತಳದಿಂದ ಕಲಕಿ ಹಾಕು, ಎರಡು ಕಾಳಾದ್ರೂ ಕಣ್ಣಿಗೆ ಬೀಳ್ಲಿ ನಮ್ಗೆ," ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಪಕ್ಕಕ್ಕೆ ತಿರುಗಿ, ತೋಳು ಅಡ್ಡ ಹಿಡಿದು, ಎದೆ ಬಿಚ್ಚಿ ಕೆಮ್ಮಿದಳು, ಏನೂ ಮುಚ್ಚಿಡುವುದು ಇಲ್ಲದವಳ ಹಾಗೆ.

ಮೊಣಕೈಯ ಮೇಲೆ ಆ ಕೈ ಇನ್ನೂ ಇತ್ತು, ಬೆಚ್ಚಗೆ. ಮೆಲ್ಚೋರಾಳ ಬೆನ್ನಿನ ಹಿಂದೆ ಅಡುಗೆಮನೆ ಸದ್ದಿಲ್ಲದಾಗಿತ್ತು, ಅಥವಾ ಹೋದ ಕಿವಿಗೆ ಹಾಗನ್ನಿಸಿತೋ. ತೆಯೋಫಿಲಾ ನೋಡುತ್ತಿದ್ದಾಳೆ, ಇವಳು ಆ ಕಡೆಯವಳೋ ಈ ಕಡೆಯವಳೋ ಎಂದು ಎಲ್ಲರೂ ನೋಡುತ್ತಿದ್ದಾರೆ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು. ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಮಸೆದು ಮಸೆದು ತಂದಿದ್ದ ಸಿಟ್ಟು ಹೊಡೆಯಲು ಜಾಗ ಸಿಗದೆ ಗಂಟಲಲ್ಲೇ ನಿಂತಿತ್ತು, ಅದು ಈಗ ಹೊರಬಿತ್ತು. ತೆಯೋಫಿಲಾಳಿಗೆಂದು ಇಟ್ಟುಕೊಂಡಿದ್ದ ಧ್ವನಿಯಲ್ಲೇ, ಅಷ್ಟೇ ಗಟ್ಟಿಯಾಗಿ, ಅಷ್ಟೇ ತಣ್ಣಗೆ.

"ಕೈ ತೆಗಿ. ಮೂರು ಹೆಜ್ಜೆ ಹಿಂದೆ ನಿಲ್ಲು."

ರುಫಿನಾಳ ಮುಖದಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಉಳಿಯಿತು, ಇದೂ ಒಂದು ತಮಾಷೆ ಇರಬೇಕೆಂದು ಕಾಯುವವಳ ಹಾಗೆ. ಆಮೇಲೆ ಅವಳು ಕೈ ತೆಗೆದಳು. ಸಿಟ್ಟು ಮಾಡಲಿಲ್ಲ. ತಲೆ ಬಗ್ಗಿಸಿ, ತನ್ನ ಕಾಲುಗಳನ್ನೇ ನೋಡುತ್ತಾ, ಒದ್ದೆ ಮಣ್ಣಿನಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ನಿಂತಳು. ಮೆಲ್ಚೋರಾ ಸೌಟು ತುಂಬಿ, ತಾಗದ ಹಾಗೆ ಎತ್ತರದಿಂದ ಪಾತ್ರೆಗೆ ಸುರಿದಳು.

"ಇಷ್ಟು ದೂರ ಸಾಕಾ," ಎಂದು ರುಫಿನಾ ಕೇಳಿದಳು, "ಇಲ್ಲ ಇನ್ನೂ ಹಿಂದೆ ಹೋಗ್ಲಾ ಅಮ್ಮಾವ್ರೇ?"